ಸೊನೌಲಿ ಗಡಿಯ ಭನ್ಸಾರ್ ಕೌಂಟರ್: ಏಜೆಂಟ್ ಬೇಡ, ನೀವೇ ಹೋಗಿ

ಕೆಎ ನಂಬರ್ ಪ್ಲೇಟಿನ ಸ್ವಂತ ಕಾರಿನಲ್ಲಿ ನೇಪಾಳಕ್ಕೆ ಹೋಗಬಹುದಾ ಅಂತ ಕೇಳುವವರು ಈಗ ತುಂಬಾ ಜನ. ಹೋಗಬಹುದು. ಬೆಂಗಳೂರಿನಿಂದ ಹೈದರಾಬಾದ್, ನಾಗಪುರ, ಜಬಲ್ಪುರ, ಪ್ರಯಾಗರಾಜ್ ಹಾದು ಗೋರಖಪುರ ಮುಟ್ಟಿದರೆ ಸೊನೌಲಿ ಗಡಿ ಅಲ್ಲಿಂದ ಸುಮಾರು ನೂರು ಕಿಲೋಮೀಟರ್. ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಓಡಿಸುವ ಧೈರ್ಯ ಇರುವವರೂ ಗಡಿಯ ಪರ್ಮಿಟ್ ಅಂದ ಕೂಡಲೇ ಹೆದರುತ್ತಾರೆ. ಹೆದರಿ ಯಾವುದೋ ಏಜೆಂಟ್ ಕೈಗೆ ಕಾಗದ ಕೊಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಅದಕ್ಕೇ ಗಾಡಿಗೆ ಪರ್ಮಿಟ್ ಕೊಡುವ ಭನ್ಸಾರ್ ಕೌಂಟರ್‌ನ ಈ ವಿಮರ್ಶೆ.

ಕೌಂಟರ್‌ನ ಸೇವೆಗೆ ನಾನು 5ಕ್ಕೆ 4 ಕೊಡುತ್ತೇನೆ. ಗಡಿಯಲ್ಲಿ ಕಾರಿನ ಕಿಟಕಿಗೆ ಬಂದು ನಿಲ್ಲುವ ಮಧ್ಯವರ್ತಿಗಳಿಗೆ ಸೊನ್ನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ವಿಷಯ ಗೊತ್ತಿರಲಿ. ನಮಗೆ ವೀಸಾ ಬೇಡ. 1950ರ ಭಾರತ-ನೇಪಾಳ ಒಪ್ಪಂದದಿಂದಾಗಿ ನಮ್ಮವರು ಅಲ್ಲಿಗೆ, ಅವರು ಇಲ್ಲಿಗೆ ವೀಸಾ ಇಲ್ಲದೆ ಓಡಾಡಬಹುದು. ಪರ್ಮಿಟ್ ಬೇಕಾಗಿರುವುದು ಗಾಡಿಗೆ. ಅದನ್ನು ಕೊಡುವುದು ನೇಪಾಳದ ಸುಂಕದ ಕಚೇರಿ. ಕಚೇರಿಗೂ ಭನ್ಸಾರ್ ಅಂತಾರೆ, ಅವರು ಕೊಡುವ ಚೀಟಿಗೂ ಭನ್ಸಾರ್ ಅಂತಾರೆ. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ಕೇಳುವುದು ಇದನ್ನೇ.

ವೀಸಾ ಬೇಡ ಅಂದರೆ ಗುರುತಿನ ಚೀಟಿಯೂ ಬೇಡ ಅಂತಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಐಡಿ ಇಟ್ಟುಕೊಳ್ಳಿ. ಆಧಾರ್ ಒಂದನ್ನೇ ನಂಬಿ ಹೊರಡಬೇಡಿ. ನಮ್ಮ ಸರ್ಕಾರ 2019ರಲ್ಲಿ ನೇಪಾಳ, ಭೂತಾನ್ ಪ್ರಯಾಣಕ್ಕೆ ಆಧಾರ್ ಒಪ್ಪಿದ್ದು 15ಕ್ಕಿಂತ ಚಿಕ್ಕವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ಅಂದರೆ ಅಜ್ಜಿಗೆ ನಡೆಯುತ್ತದೆ, ಗಾಡಿ ಓಡಿಸುವ ಮೊಮ್ಮಗನಿಗೆ ನಡೆಯುವುದಿಲ್ಲ. ನಮ್ಮ ವೋಟರ್ ಐಡಿಯಲ್ಲಿ ಹೆಸರು ಕನ್ನಡದ ಜೊತೆ ಇಂಗ್ಲಿಷ್‌ನಲ್ಲೂ ಇರುತ್ತದೆ, ಹಾಗಾಗಿ ಅಲ್ಲಿ ಓದುವವರಿಗೆ ಕಷ್ಟವಿಲ್ಲ. ಆದರೆ ಹಳೇ ಕಾರ್ಡಿನ ಅಕ್ಷರ ಮಾಸಿದ್ದರೆ ಹೊರಡುವ ಮುಂಚೆಯೇ ಹೊಸದು ತೆಗೆಸಿ.

ಇನ್ನು ಜಾಗ. ಸೊನೌಲಿ ಇರುವುದು ಉತ್ತರ ಪ್ರದೇಶದ ಮಹಾರಾಜ್‌ಗಂಜ್ ಜಿಲ್ಲೆಯಲ್ಲಿ. ನೌತನ್ವಾ ದಾಟಿದ ಮೇಲೆ ರಸ್ತೆಯ ಒಂದು ಬದಿ ಪೂರ್ತಿ ಲಾರಿಗಳ ಸಾಲು. ಮೊದಲ ಸಲ ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ಅದು ಸರಕು ಲಾರಿಗಳ ಸಾಲು, ನೀವು ಅದರ ಹಿಂದೆ ನಿಲ್ಲಬೇಕಾಗಿಲ್ಲ. ಕಾರುಗಳು ಪಕ್ಕದಲ್ಲಿ ಮುಂದೆ ಹೋಗುತ್ತವೆ. ನಮ್ಮ ಕಡೆ ಗಡಿ ಕಾಯುವ ಎಸ್‌ಎಸ್‌ಬಿ ಜವಾನರು ಗುರುತಿನ ಚೀಟಿ ನೋಡುತ್ತಾರೆ, ಡಿಕ್ಕಿ ತೆಗೆಸುತ್ತಾರೆ, ಎಲ್ಲಿಗೆ ಅಂತ ಕೇಳುತ್ತಾರೆ. ಮುಕ್ತಿನಾಥ ಅಂದರೆ ಸಾಕು, ಮಾತು ಮುಗಿಯಿತು. ಎರಡು ಕಮಾನು ದಾಟಿದರೆ ಬೇಲಹಿಯಾ, ಅಂದರೆ ನೇಪಾಳ. ಗಡಿಯಾರ ಕಾಲು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ. ಶನಿವಾರ ಅಲ್ಲಿ ವಾರದ ರಜೆ. ಬ್ಯಾಂಕ್, ಸಿಮ್ ಕಾರ್ಡ್ ಅಂತ ಬೇರೆ ಕೆಲಸ ಇದ್ದರೆ ಆ ದಿನ ಬಿಟ್ಟು ಬೇರೆ ದಿನ ದಾಟುವುದು ಒಳ್ಳೆಯದು.

ಬೆಳಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ಹೊತ್ತು ಏರಿದ ಮೇಲೆ ಸೈಕಲ್ ರಿಕ್ಷಾ, ಟೂರಿಸ್ಟ್ ಬಸ್ಸು, ತಲೆ ಮೇಲೆ ಗಂಟು ಹೊತ್ತು ನಡೆದು ದಾಟುವವರು, ಎಲ್ಲ ಒಂದೇ ಕಮಾನಿನಲ್ಲಿ ತುಂಬಿಕೊಳ್ಳುತ್ತಾರೆ. ಗೋರಖಪುರದಲ್ಲಿ ರಾತ್ರಿ ಉಳಿದು ಕತ್ತಲಿದ್ದಾಗಲೇ ಹೊರಡಿ.

ಈಗ ಏಜೆಂಟ್ ವಿಷಯ. ಗಡಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಹೊರ ರಾಜ್ಯದ ನಂಬರ್ ಪ್ಲೇಟ್ ನೋಡಿ ಬೈಕಿನಲ್ಲಿ ಹಿಂದೆ ಬೀಳುತ್ತಾರೆ. "ಆಫೀಸ್ ಮುಚ್ಚಿದೆ", "ಒಳಗೆ ಮೂರು ಗಂಟೆ ಆಗತ್ತೆ", "ನಿಮ್ಮ ಗಾಡಿಗೆ ಬೇರೆ ಪರ್ಮಿಟ್ ಬೇಕು" ಅಂತ ಹೇಳುತ್ತಾರೆ. ಹೆಚ್ಚಿನವು ಸುಳ್ಳು. ಗಾಡಿ ನಿಲ್ಲಿಸಬೇಡಿ, ಆರ್‌ಸಿ ಅಂತೂ ಕೈಗೆ ಕೊಡಲೇಬೇಡಿ. ಮೂಲ ಆರ್‌ಸಿ ಅವರ ಕೈಗೆ ಹೋದ ಮೇಲೆ ನೀವು ಅವರು ಹೇಳಿದ ದುಡ್ಡು ಕೊಡಲೇಬೇಕಾಗುತ್ತದೆ. ಕೆಲವರು ಪ್ರಾಮಾಣಿಕರೂ ಇರಬಹುದು, ಫಾರ್ಮ್ ತುಂಬಿಕೊಟ್ಟು ಅದಕ್ಕೆ ತಕ್ಕ ಕೂಲಿ ತೆಗೆದುಕೊಳ್ಳುವವರು. ಆದರೆ ಕಿಟಕಿಯ ಹತ್ತಿರ ಬಂದವನು ಯಾವ ಥರದವನು ಅಂತ ನಿಮಗೆ ಗೊತ್ತಾಗುವುದು ಹೇಗೆ?

ಕೌಂಟರ್‌ನಲ್ಲಿ ಕೇಳುವುದು ಇಷ್ಟೇ. ಮೂಲ ಆರ್‌ಸಿ, ಚಾಲಕನ ಲೈಸೆನ್ಸ್, ಇನ್ಶೂರೆನ್ಸ್, ಗುರುತಿನ ಚೀಟಿ. ಎಲ್ಲದರ ಜೆರಾಕ್ಸ್ ಎರಡೆರಡು ಸೆಟ್ ಊರಿನಿಂದಲೇ ತೆಗೆದುಕೊಂಡು ಹೋಗಿ. ಮೊಬೈಲಿನ ಡಿಜಿಲಾಕರ್ ತೋರಿಸುತ್ತೇನೆ ಅಂದುಕೊಳ್ಳಬೇಡಿ, ಅದು ನಮ್ಮ ದೇಶದ ವ್ಯವಸ್ಥೆ. ಕಾರು ಅಪ್ಪನ ಹೆಸರಲ್ಲೋ ಕಂಪನಿಯ ಹೆಸರಲ್ಲೋ ಇದ್ದು ಅವರು ಜೊತೆಯಲ್ಲಿ ಇಲ್ಲದಿದ್ದರೆ ಒಪ್ಪಿಗೆ ಪತ್ರ ಬೇಕು, ಇಂಗ್ಲಿಷ್‌ನಲ್ಲಿ ಬರೆಸಿ. ಇದು ಬಿಳಿ ಬೋರ್ಡಿನ ಸ್ವಂತ ಗಾಡಿಯ ಮಾತು. ಹಳದಿ ಬೋರ್ಡಿನ ಟ್ಯಾಕ್ಸಿಗೆ ದರ, ಕಾಗದ ಎರಡೂ ಬೇರೆ.

ಎಷ್ಟು ದಿನ, ಎಲ್ಲಿಗೆ, ಯಾವ ಗಡಿಯಿಂದ ಹೊರಗೆ ಬರುತ್ತೀರಿ ಅಂತ ಕೇಳುತ್ತಾರೆ. ಹಿಂದಿ ಚೆನ್ನಾಗಿ ನಡೆಯುತ್ತದೆ, ಹರಕು ಮುರುಕು ಹಿಂದಿಯೂ ನಡೆಯುತ್ತದೆ. ನಾವು ಹೋದಾಗ ಕೌಂಟರ್‌ನಲ್ಲಿದ್ದವರು ಆರ್‌ಸಿಯ ನಂಬರನ್ನು ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಕಂಪ್ಯೂಟರ್‌ಗೆ ಹಾಕಿದರು, ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿ ಸರಿ ಇದೆಯಾ ನೋಡಿ ಅಂದರು. ಆ ಒಂದು ಕೆಲಸ ನನಗೆ ತುಂಬಾ ಇಷ್ಟವಾಯಿತು. ಎಂಜಿನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ಮುಂದೆ ದಾರಿಯಲ್ಲಿ ಅನುಭವಿಸುವವರು ನಾವೇ ತಾನೇ? ದುಡ್ಡು ಕಟ್ಟಿದ ಮೇಲೆ ರಸೀದಿ ಕೊಟ್ಟರು. ಅದಕ್ಕಿಂತ ಒಂದು ಪೈಸೆ ಜಾಸ್ತಿ ಯಾರೂ ಕೇಳಲಿಲ್ಲ.

ಇದಾದ ಮೇಲೆ ಟ್ರಾಫಿಕ್ ಇಲಾಖೆಯ ಅನುಮತಿ, ಅದಕ್ಕೆ ಯಾತಾಯಾತ್ ಅಂತಾರೆ. ಭನ್ಸಾರ್ ಸಿಕ್ಕ ಖುಷಿಯಲ್ಲಿ ಇದನ್ನು ಬಿಟ್ಟು ಹೊರಟವರಿದ್ದಾರೆ. ಕೌಂಟರ್‌ನಲ್ಲೇ "ಇನ್ನೇನಾದರೂ ಮುದ್ರೆ ಬೇಕಾ, ಎಲ್ಲಿ" ಅಂತ ಕೇಳಿಕೊಂಡೇ ಗಾಡಿ ಹತ್ತಿ.

ಚೀಟಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದರಲ್ಲಿ ತಾರೀಖು ಇರುವುದು ನಮ್ಮ ಕ್ಯಾಲೆಂಡರ್ ಪ್ರಕಾರ ಅಲ್ಲ. ನೇಪಾಳದಲ್ಲಿ ಸರ್ಕಾರಿ ಲೆಕ್ಕವೆಲ್ಲ ವಿಕ್ರಮ ಶಕೆಯದ್ದು. ವರ್ಷ ನಮ್ಮದಕ್ಕಿಂತ 56-57 ಮುಂದೆ. ಹೊಸ ವರ್ಷ ಏಪ್ರಿಲ್ ಮಧ್ಯದಲ್ಲಿ ಶುರುವಾಗುತ್ತದೆ, ಒಂದು ತಿಂಗಳಿಗೆ 29 ದಿನವೂ ಇರಬಹುದು, 32 ದಿನವೂ ಇರಬಹುದು. ಅಂಕಿಗಳೂ ದೇವನಾಗರಿಯಲ್ಲಿ. ಹಾಗಾಗಿ ಚೀಟಿ ಕೈಗೆ ಬಂದಾಗ ಎಲ್ಲಿಂದ ಎಲ್ಲಿಯವರೆಗೆ ಅಂತ ನಮ್ಮಂಥವರಿಗೆ ನೋಡಿದ ಕೂಡಲೇ ತಿಳಿಯುವುದಿಲ್ಲ. ಒಂದು ಅಂಕ ಕಳೆದಿರುವುದು ಇದಕ್ಕೇ. ದಿನಾಂಕವನ್ನು ಇಂಗ್ಲಿಷ್ ಕ್ಯಾಲೆಂಡರ್‌ನಲ್ಲೂ ಅಚ್ಚು ಹಾಕಿದರೆ ಎಷ್ಟೋ ಜನರಿಗೆ ಮೋಸವಾಗುವುದು ತಪ್ಪುತ್ತದೆ. ಅಲ್ಲಿಯವರೆಗೆ ಮಾಡಬೇಕಾದದ್ದು ಇಷ್ಟು: ಕೌಂಟರ್ ಬಿಡುವ ಮುಂಚೆ "ಇಂಗ್ಲಿಷ್ ತಾರೀಖಿನಲ್ಲಿ ಕೊನೇ ದಿನ ಯಾವುದು" ಅಂತ ಕೇಳಿ, ಪೆನ್ನಿನಿಂದ ನಿಮ್ಮ ಜೆರಾಕ್ಸ್ ಮೇಲೆ ಬರೆದುಕೊಳ್ಳಿ, ಚೀಟಿಯ ಫೋಟೋ ತೆಗೆದು ಮನೆಯವರಿಗೂ ಕಳಿಸಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೇಲಹಿಯಾ ದಾಟಿ ಮುಂದೆ ಚಹಾಕ್ಕೆ ನಿಲ್ಲಿಸಿದಾಗ ಧಾರವಾಡದ ಕಡೆಯ ಒಂದು ಗುಂಪು ಸಿಕ್ಕಿತು. ಎಲ್ಲ ವಯಸ್ಸಾದವರು, ಮುಕ್ತಿನಾಥಕ್ಕೆ ಹೊರಟವರು. ಕನ್ನಡ ಕೇಳಿ ಅವರೇ ಬಂದು ಮಾತಾಡಿಸಿದರು. ಗಡಿಯಲ್ಲಿ ಒಬ್ಬ ಏಜೆಂಟ್ ಎಲ್ಲ ಮಾಡಿಕೊಟ್ಟನಂತೆ, ಹತ್ತು ದಿನಕ್ಕೆ ಅಂತ ದುಡ್ಡು ತೆಗೆದುಕೊಂಡಿದ್ದನಂತೆ. ಚೀಟಿ ತೋರಿಸಿ ಅಂದೆ. ಹೋಟೆಲಿನ ಹುಡುಗನನ್ನೇ ಕರೆದು ಓದಿಸಿದೆವು. ಆ ಹುಡುಗ ಬೆರಳಿಟ್ಟು ಅಂಕಿ ಓದಿದ, ಇನ್ನೊಮ್ಮೆ ಓದಿದ, ಆಮೇಲೆ ನಮ್ಮ ಮುಖ ನೋಡಿದ. ಅದು ಅದೇ ದಿನ ವಾಪಸ್ ಹೋಗುವವರಿಗೆ ಕೊಡುವ ಚೀಟಿ. ಗಡಿ ಪೇಟೆಯವರೆಗೆ ಬಂದು ಸಂಜೆ ಮರಳುವ ಗಾಡಿಗಳಿಗೆ ಅಂತ ಇರುವ ಅನುಕೂಲ. ಅದನ್ನು ಹಿಡಿದುಕೊಂಡು ಅವರು ಪೋಖರಾ ದಾಟಿ ಹಿಮಾಲಯದ ಬುಡಕ್ಕೆ ಹೊರಟಿದ್ದರು. ಗುಂಪಿನ ಹಿರಿಯರೊಬ್ಬರು ಏನೂ ಮಾತಾಡದೆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನನಗೆ ಹೊಟ್ಟೆ ಉರಿಯಿತು. ಜೀವಮಾನದ ಆಸೆ ಅಂತ ಹೊರಟವರು, ಭಾಷೆ ಗೊತ್ತಿಲ್ಲ, ನಂಬಿ ದುಡ್ಡು ಕೊಟ್ಟಿದ್ದಾರೆ. ಇಂಥವರಿಗೆ ಮೋಸ ಮಾಡಲು ಮನಸ್ಸಾದರೂ ಹೇಗೆ ಬರುತ್ತದೆ?

ಪುಣ್ಯಕ್ಕೆ ಗಡಿ ಹತ್ತಿರವೇ ಇತ್ತು. ಅವರ ಡ್ರೈವರ್ ಜೊತೆ ಒಬ್ಬರು ವಾಪಸ್ ಹೋಗಿ ಸರಿಯಾದ ಭನ್ಸಾರ್ ಮಾಡಿಸಿಕೊಂಡು ಬಂದರು. ಕೌಂಟರ್‌ನಲ್ಲಿ ಏನೂ ತಕರಾರು ಮಾಡಲಿಲ್ಲ, ದಿನಗಳ ದುಡ್ಡು ಕಟ್ಟಿಸಿಕೊಂಡು ಹೊಸ ಚೀಟಿ ಕೊಟ್ಟರು ಅಂತ ಆಮೇಲೆ ಫೋನ್ ಮಾಡಿ ಹೇಳಿದರು. ಪೋಖರಾ ಹತ್ತಿರ ಸಿಕ್ಕಿಬಿದ್ದಿದ್ದರೆ ದಂಡ, ಗಾಡಿ ತಡೆದು ನಿಲ್ಲಿಸುವುದು, ಎಲ್ಲ ಆಗುತ್ತಿತ್ತು.

ದರ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ದಿನದ ಲೆಕ್ಕದಲ್ಲಿ ಕಟ್ಟುವುದು. ಕಾರಿಗೆ ದಿನಕ್ಕೆ ಕೆಲವು ನೂರು ನೇಪಾಳಿ ರೂಪಾಯಿ, ಬೈಕಿಗೆ ಅದಕ್ಕಿಂತ ಕಡಿಮೆ. ಅವರ ಬಜೆಟ್ ಬಂದಾಗ ಬದಲಾಗುತ್ತಿರುತ್ತದೆ, ಅದಕ್ಕೇ ನಾನು ಕಟ್ಟಿದ್ದನ್ನು ಇಲ್ಲಿ ಬರೆದು ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಯಾವ ರೂಪಾಯಿ ಅನ್ನುವುದು. ಗಡಿಯಲ್ಲಿ ಎಲ್ಲರ ಬಾಯಲ್ಲೂ ಐಸಿ, ಎನ್‌ಸಿ. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅಂದರೆ ಅವರದ್ದು. ನಮ್ಮ 100ಕ್ಕೆ ಅವರ 160, 1993ರಿಂದ ಇದೇ ದರ. ಈಗ ಲೆಕ್ಕ ಹಾಕಿ: ಚೀಟಿಯಲ್ಲಿ 1600 ಅಂತ ಇದ್ದರೆ ನೀವು ಕೊಡಬೇಕಾದದ್ದು ನಮ್ಮ 1000. ಮಧ್ಯವರ್ತಿ 1600 ಅಂದಾಗ ನೀವು ನಮ್ಮ ನೋಟಲ್ಲೇ 1600 ಕೊಟ್ಟರೆ 600 ಹೋಯಿತು, ಅದೂ ಅವನ ಕಮಿಷನ್ ಬಿಟ್ಟು. ಚಹಾ ಅಂಗಡಿಯಿಂದ ಹಿಡಿದು ಹೋಟೆಲ್ ರೂಮಿನವರೆಗೆ ಯಾರು ಬೆಲೆ ಹೇಳಿದರೂ ಮೊದಲು "ಐಸಿನಾ, ಎನ್‌ಸಿನಾ" ಅಂತ ಕೇಳಿ.

ನೋಟಿನ ವಿಷಯ ಇನ್ನೊಂದು. 2018ರ ಡಿಸೆಂಬರ್‌ನಲ್ಲಿ ನೇಪಾಳ 100ಕ್ಕಿಂತ ದೊಡ್ಡ ಭಾರತದ ನೋಟುಗಳನ್ನು ನಿಷೇಧಿಸಿತ್ತು. ನಿಯಮ ಈಚೆಗೆ ಸಡಿಲವಾಗುತ್ತಿದೆ, ಆದರೂ ಸಣ್ಣ ಅಂಗಡಿಯವರು 500ರ ನೋಟು ಕಂಡರೆ ಹಿಂದೆಮುಂದೆ ನೋಡುತ್ತಾರೆ. 100ರ ಕಟ್ಟು ಇಟ್ಟುಕೊಂಡರೆ ನೆಮ್ಮದಿ. 2024ರಿಂದ ಫೋನ್‌ಪೇ ನೆಟ್‌ವರ್ಕ್‌ನ ಕ್ಯೂಆರ್ ಇರುವ ಕಡೆ ನಮ್ಮ ಯುಪಿಐ ನಡೆಯುತ್ತದೆ (ಇದು ನೇಪಾಳದ ಫೋನ್‌ಪೇ, ನಮ್ಮ ಮೊಬೈಲಿನ ಆ್ಯಪ್ ಅಲ್ಲ), ಆದರೆ ಗಡಿಯ ಖರ್ಚಿಗೆ ನಗದು ಇರಲಿ.

ಎಷ್ಟು ದಿನಕ್ಕೆ ಮಾಡಿಸಬೇಕು? ನಿಮ್ಮ ಪ್ಲಾನಿಗಿಂತ ಎರಡು ದಿನ ಜಾಸ್ತಿ. ಒಳಗೆ ಹೋದ ದಿನವೂ ಲೆಕ್ಕಕ್ಕೆ ಬರುತ್ತದೆ, ಹೊರಗೆ ಬರುವ ದಿನವೂ ಬರುತ್ತದೆ. ಭಾರತದ ಒಂದು ಗಾಡಿಗೆ ವರ್ಷಕ್ಕೆ ಒಟ್ಟು 30 ದಿನ ಅನ್ನುವ ಮಿತಿ ಇದೆ, ಸಾಮಾನ್ಯ ಪ್ರವಾಸಕ್ಕೆ ಅದು ಧಾರಾಳ. ಉಳಿಸಲು ಹೋಗಬೇಡಿ, ಯಾಕೆಂದರೆ ಅಲ್ಲಿಯ ದಾರಿ ನಮ್ಮ ಕೈಯಲ್ಲಿಲ್ಲ. ನಾರಾಯಣಗಢದಿಂದ ಮುಗ್ಲಿಂಗ್‌ವರೆಗಿನ ರಸ್ತೆ ಮಳೆಗಾಲದಲ್ಲಿ ಗುಡ್ಡ ಜಾರಿ ಪದೇ ಪದೇ ಮುಚ್ಚುತ್ತದೆ. 2024ರ ಜುಲೈನಲ್ಲಿ ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದದ್ದು ಇದೇ ದಾರಿಯಲ್ಲಿ. ರಸ್ತೆ ಮುಚ್ಚಿತು ಅಂತ ಪರ್ಮಿಟ್ ತಾನಾಗಿ ಉದ್ದ ಆಗುವುದಿಲ್ಲ. ಅವಧಿ ಮುಗಿಯುವ ಭಯದಲ್ಲಿ ರಾತ್ರಿ ಘಾಟಿಯಲ್ಲಿ ಗಾಡಿ ಓಡಿಸುವ ಪರಿಸ್ಥಿತಿ ಯಾರಿಗೂ ಬೇಡ. ಎರಡು ದಿನದ ಭನ್ಸಾರ್ ದುಡ್ಡು ಜೀವಕ್ಕಿಂತ ದೊಡ್ಡದಲ್ಲ.

ಇನ್ಶೂರೆನ್ಸ್ ಬಗ್ಗೆ ನಮ್ಮವರು ಯಾರೂ ಯೋಚಿಸುವುದಿಲ್ಲ. ಕೌಂಟರ್‌ನಲ್ಲಿ ಪಾಲಿಸಿ ಕಾಗದ ನೋಡಿ ವಾಪಸ್ ಕೊಡುತ್ತಾರೆ, ಅಲ್ಲಿಗೆ ಎಲ್ಲ ಸರಿ ಇದೆ ಅಂದುಕೊಳ್ಳುತ್ತೇವೆ. ನಿಮ್ಮ ಪಾಲಿಸಿ ತೆಗೆದು ವ್ಯಾಪ್ತಿ ಅಂತ ಇರುವ ಜಾಗ ಓದಿ. ಸಾಮಾನ್ಯವಾಗಿ ಭಾರತ ಅಂತ ಮಾತ್ರ ಇರುತ್ತದೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್, ಈ ದೇಶಗಳಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ವಿಸ್ತರಿಸಿಕೊಳ್ಳಬೇಕು. ಐಎಂಟಿ-1 ಅಂತ ಕೇಳಿದರೆ ಇನ್ಶೂರೆನ್ಸ್ ಕಂಪನಿಯವರಿಗೆ ಅರ್ಥವಾಗುತ್ತದೆ. ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮುಂಚೆ ಕೇಳಿ, ಕಸ್ಟಮರ್ ಕೇರ್‌ನಲ್ಲಿ ಮೊದಲು ಎತ್ತಿದವರಿಗೆ ಹೆಚ್ಚಾಗಿ ಇದು ಗೊತ್ತಿರುವುದಿಲ್ಲ.

ಮುಕ್ತಿನಾಥಕ್ಕೆ ಹೋಗುವವರಿಗೆ ಗಾಡಿಯ ಪರ್ಮಿಟ್ ಬೇರೆ, ಜನರ ಪರ್ಮಿಟ್ ಬೇರೆ. ದಾರಿ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಒಳಗೆ ಹೋಗುತ್ತದೆ. ಅಲ್ಲಿಗೆ ಎಕ್ಯಾಪ್ ಅನ್ನುವ ಪ್ರವೇಶ ಪತ್ರ ಬೇಕು, ನಮ್ಮನ್ನೂ ಸೇರಿಸಿ ಸಾರ್ಕ್ ದೇಶದವರಿಗೆ 1000 ನೇಪಾಳಿ ರೂಪಾಯಿ, ಬೇರೆ ವಿದೇಶಿಯರಿಗೆ 3000. ಪೋಖರಾದಲ್ಲೇ ಮಾಡಿಸಿಕೊಳ್ಳಿ, ಪಾಸ್‌ಪೋರ್ಟ್ ಸೈಜಿನ ಫೋಟೋ ಜೊತೆಗಿರಲಿ. ಬೇನಿ ದಾಟಿದ ಮೇಲೆ ಕಾಳಿಗಂಡಕಿಯ ದಂಡೆಯಲ್ಲೇ ರಸ್ತೆ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಸಿಗುವ ನದಿ ಅದು. ಸಣ್ಣ ಹ್ಯಾಚ್‌ಬ್ಯಾಕ್ ಆದರೆ ಪೋಖರಾದಲ್ಲಿ ನಿಲ್ಲಿಸಿ ಅಲ್ಲಿಯ ಜೀಪ್ ಹಿಡಿಯಿರಿ. ನೆಲಕ್ಕೆ ತಾಗುವ ಗಾಡಿ ಆ ರಸ್ತೆಗೆ ಆಗುವುದಿಲ್ಲ. ಆದರೆ ಪೋಖರಾದಲ್ಲಿ ನಿಂತ ಗಾಡಿಗೂ ಭನ್ಸಾರ್ ದಿನ ಓಡುತ್ತಲೇ ಇರುತ್ತದೆ, ಅದು ನೆನಪಿರಲಿ.

ಭೂತಾನ್ ಜೊತೆ ಹೋಲಿಸಿ ಅಂತ ಕೆಲವರು ಕೇಳಿದ್ದಾರೆ. ಅಲ್ಲಿಯ ಜೈಗಾಂವ್-ಫುಂಟ್‌ಶೋಲಿಂಗ್ ಗಡಿಯ ವ್ಯವಸ್ಥೆ ಬಹಳ ಅಚ್ಚುಕಟ್ಟು, ಕಾಗದವೆಲ್ಲ ಇಂಗ್ಲಿಷ್‌ನಲ್ಲಿ. ಆದರೆ ಖರ್ಚು ಬೇರೆ ಲೆಕ್ಕ. 2022ರ ಸೆಪ್ಟೆಂಬರ್‌ನಿಂದ ನಮ್ಮವರು ತಲೆಗೆ ಒಂದು ರಾತ್ರಿಗೆ 1200 ರೂಪಾಯಿ ಕಟ್ಟಬೇಕು, ಸ್ವಂತ ಗಾಡಿ ಒಯ್ದರೆ ದಿನಕ್ಕೆ 4500 ಬೇರೆ, ಜೊತೆಗೆ ಗೈಡ್. ಅದಕ್ಕೇ ಹೆಚ್ಚಿನವರು ಕಾರನ್ನು ಗಡಿಯಲ್ಲೇ ಬಿಟ್ಟು ಅಲ್ಲಿಯ ಟ್ಯಾಕ್ಸಿ ಹಿಡಿಯುತ್ತಾರೆ. ಸ್ವಂತ ಗಾಡಿಯಲ್ಲೇ ಸುತ್ತಬೇಕು ಅನ್ನುವ ಮಧ್ಯಮ ವರ್ಗದ ಸಂಸಾರಕ್ಕೆ ನೇಪಾಳವೇ ಸರಿ.

ಹೊರಡುವ ವಾರ ಸುದ್ದಿ ನೋಡಿ. ಗಡಿ ಜಿಲ್ಲೆಗಳಲ್ಲಿ ಚುನಾವಣೆ ಇದ್ದರೆ, ಅದು ನಮ್ಮ ಕಡೆಯದ್ದಾಗಲಿ ಅವರ ಕಡೆಯದ್ದಾಗಲಿ, ಮತದಾನಕ್ಕೆ ಮುಂಚೆ ಗಡಿ ಮುಚ್ಚುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಗಲಾಟೆ ಆದಾಗ ನಮ್ಮ ಎಷ್ಟೋ ಯಾತ್ರಿಕರು ಅಲ್ಲಲ್ಲೇ ಸಿಕ್ಕಿಕೊಂಡಿದ್ದರು.

ಕಠ್ಮಂಡುವಿಗೆ ಹೋದರೆ ಪಶುಪತಿನಾಥದಲ್ಲಿ ಮೂಲ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು, ಇದು ಹಳೇ ಸಂಪ್ರದಾಯ. ಕಠ್ಮಂಡುವಿನಿಂದ ನೇರವಾಗಿ ಬಿಹಾರದ ಕಡೆ ಇಳಿಯುವುದಾದರೆ ವೀರಗಂಜ್-ರಕ್ಸೌಲ್ ಗಡಿ ಹತ್ತಿರ, ಸೊನೌಲಿಗೆ ವಾಪಸ್ ಬರಬೇಕಾಗಿಲ್ಲ. ಆದರೆ ಒಳಗೆ ಹೋಗುವಾಗಲೇ ಅದನ್ನು ಹೇಳಿರಬೇಕು. ಹೊರಗೆ ಬರುವಾಗ ಯಾರೂ ತಡೆಯಲಿಲ್ಲ ಅಂತ ಹಾಗೇ ದಾಟಿಬಿಡಬೇಡಿ. ಗಾಡಿ ಬದಿಗೆ ನಿಲ್ಲಿಸಿ, ನೀವೇ ಕೌಂಟರ್‌ಗೆ ಹೋಗಿ, ಗಾಡಿ ಹೊರಗೆ ಹೋಯಿತು ಅಂತ ದಾಖಲೆ ಮಾಡಿಸಿ. ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ನಿಮ್ಮ ಕಾರು ಇನ್ನೂ ನೇಪಾಳದಲ್ಲೇ ಇರುತ್ತದೆ, ಮುಂದಿನ ಸಲ 30 ದಿನದ ಲೆಕ್ಕ ತೆಗೆದಾಗ ಉತ್ತರ ಕೊಡಬೇಕಾದವರು ನೀವು.